ಹೊಸ ಕಾರಿನ ಹಳೆಯ ಗಾಯ

ಅಮೆರಿಕದ ದಕ್ಷಿಣ ಭಾಗದಲ್ಲಿ ಅಲಬಾಮಾ ಎಂಬ ರಾಜ್ಯವಿದೆ. ಅಲ್ಲಿನ ಬರ್ಮಿಂಗ್‌ಹ್ಯಾಮ್ ನಗರದ ಡಾಕ್ಟರ್ ಗೋರ್ ಎಂಬವರು 1990ರ ಜನವರಿಯಲ್ಲಿ ಒಂದು ಹೊಸ ಕಾರು ಕೊಂಡರು. ಕಪ್ಪು ಬಣ್ಣದ ಬಿಎಂಡಬ್ಲ್ಯು ಸ್ಪೋರ್ಟ್ಸ್ ಸೆಡಾನ್. ಬೆಲೆ 40,750 ಡಾಲರು, 88 ಸೆಂಟು. ಆಗಿನ್ನೂ ಆ ಕಂಪನಿಗೆ ಅಮೆರಿಕದಲ್ಲಿ ಕಾರ್ಖಾನೆ ಇರಲಿಲ್ಲ. ಜರ್ಮನಿಯಲ್ಲಿ ತಯಾರಾದ ಕಾರು ಹಡಗೇರಿ ಅಟ್ಲಾಂಟಿಕ್ ಸಾಗರ ದಾಟಿ ಬರಬೇಕಿತ್ತು. ಡಾಕ್ಟರ್ ಗೋರ್ ಅಧಿಕೃತ ಮಾರಾಟಗಾರರಿಂದ ಪೂರ್ತಿ ಹಣ ಕೊಟ್ಟು, ಹೊಸದೆಂದೇ ಕಾರನ್ನು ಮನೆಗೆ ತಂದರು.

ಒಂಬತ್ತು ತಿಂಗಳು ಓಡಿಸಿದರು. ಯಾವ ದೂರೂ ಇರಲಿಲ್ಲ. ಆಮೇಲೊಂದು ದಿನ, ಕಾರು ಇನ್ನಷ್ಟು ಮಿರಿಮಿರಿ ಮಿಂಚಲಿ ಎಂಬ ಆಸೆಯಿಂದ ಅದನ್ನು ಪಾಲಿಶ್ ಮಾಡುವ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯವನದು ಪಳಗಿದ ಕಣ್ಣು. ಈ ಕಾರಿಗೆ ಮರುಬಣ್ಣ ಹೊಡೆಯಲಾಗಿದೆ ಎಂದು ಅವನು ಹೇಳಿಬಿಟ್ಟ. ಒಂಬತ್ತು ತಿಂಗಳಿಂದ ದಿನವೂ ನೋಡುತ್ತಿದ್ದ ಮಾಲೀಕನಿಗೆ ಕಾಣದ್ದು ಅವನಿಗೆ ಕಂಡಿತ್ತು. ಅಲ್ಲಿಂದ ಹೊರಟ ಒಂದು ಮೊಕದ್ದಮೆ ಆರು ವರ್ಷಗಳ ನಂತರ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಮುಟ್ಟಿತು. ಇಂದಿಗೂ ಅಲ್ಲಿನ ಕಾನೂನು ಕಾಲೇಜುಗಳಲ್ಲಿ ಆ ತೀರ್ಪನ್ನು ಪಾಠ ಮಾಡುತ್ತಾರೆ.

ಕಾರಿಗೆ ಆಗಿದ್ದಾದರೂ ಏನು? ಜರ್ಮನಿಯ ಕಾರ್ಖಾನೆಯಿಂದ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಬ್ರನ್ಸ್‌ವಿಕ್ ಎಂಬ ಊರಿನ ಕೇಂದ್ರಕ್ಕೆ ಬರುವ ದಾರಿಯಲ್ಲಿ ಎಲ್ಲೋ ಅದರ ಮೇಲೆ ಆಮ್ಲ ಮಳೆ ಬಿದ್ದಿರಬೇಕು ಎಂದು ತರ್ಕಿಸಲಾಯಿತು. ಆಮ್ಲ ಮಳೆಯ ಪಾಠ ಪ್ರೌಢಶಾಲೆಯ ಪುಸ್ತಕದಲ್ಲಿ ಇದ್ದೇ ಇದೆ. ಶುದ್ಧ ಗಾಳಿಯಲ್ಲಿ ಬೀಳುವ ಮಳೆನೀರು ಸಹ ಪೂರ್ತಿ ತಟಸ್ಥವಲ್ಲ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಅದರಲ್ಲಿ ಕರಗಿರುವುದರಿಂದ ಅದರ ಪಿಎಚ್ ಸುಮಾರು 5.6. ಕಲ್ಲಿದ್ದಲು, ಪೆಟ್ರೋಲು ಉರಿದಾಗ ಹೊರಬೀಳುವ ಗಂಧಕದ ಮತ್ತು ಸಾರಜನಕದ ಆಕ್ಸೈಡುಗಳು ಸೇರಿದರೆ ಮೋಡದಲ್ಲಿಯೇ ಗಂಧಕಾಮ್ಲ, ನೈಟ್ರಿಕ್ ಆಮ್ಲ ತಯಾರಾಗಿ ಪಿಎಚ್ ಇನ್ನೂ ಕೆಳಗಿಳಿಯುತ್ತದೆ. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು.

ಇಷ್ಟು ಸೌಮ್ಯವಾದ ಆಮ್ಲ ಕಾರಿನ ಗಟ್ಟಿ ಬಣ್ಣವನ್ನು ಹೇಗೆ ತಿನ್ನುತ್ತದೆ ಎಂಬುದೇ ಸ್ವಾರಸ್ಯದ ಸಂಗತಿ. ಕೆಡುಕು ಮಳೆ ಸುರಿಯುವಾಗ ಆಗುವುದಲ್ಲ; ಮಳೆ ನಿಂತು ಬಿಸಿಲು ಬಂದ ಮೇಲೆ ಆಗುವುದು. ಬಾನೆಟ್ಟಿನ ಮೇಲೆ ಪಿಎಚ್ 4 ಇರುವ ಒಂದು ಹನಿ ಕುಳಿತಿದೆ ಎಂದುಕೊಳ್ಳಿ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಗಂಧಕಾಮ್ಲ ಅಷ್ಟು ಸುಲಭವಾಗಿ ಆವಿಯಾಗುವ ಪದಾರ್ಥವಲ್ಲ. ಅದು ಅಲ್ಲಿಯೇ ಉಳಿಯುತ್ತದೆ. ಹನಿಯ ಗಾತ್ರ ನೂರನೆಯ ಒಂದು ಭಾಗಕ್ಕೆ ಇಳಿಯುವಾಗ ಅದರ ಪಿಎಚ್ 4ರಿಂದ 2ಕ್ಕೆ ಬಂದಿರುತ್ತದೆ. ಅಂದರೆ ಮಳೆಹನಿ ಹೆಚ್ಚುಕಡಿಮೆ ನಿಂಬೆರಸವಾಯಿತು. ಅದು ಇನ್ನೂ ಒಣಗುತ್ತ ಹೋದಂತೆ ಇನ್ನೂ ತೀಕ್ಷ್ಣ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರಿಕೊಳ್ಳುವುದರಿಂದ ಕಪ್ಪು ಕಾರಿನ ತಗಡು ಬೇರೆ ಬಣ್ಣದ್ದಕ್ಕಿಂತ ಹೆಚ್ಚು ಕಾಯುತ್ತದೆ. ಬಿಸಿ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚು. ಹೀಗೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಮೇಲ್ಪದರದ ರಾಳದಲ್ಲಿನ ಬಂಧಗಳು ಕಡಿದುಹೋಗಿ, ಹನಿ ಕುಳಿತಿದ್ದ ಜಾಗದಲ್ಲಿ ಉಂಗುರದಾಕಾರದ ಮಸುಕು ಕಲೆ ಬೀಳುತ್ತದೆ. ಒರೆಸಿದರೆ, ತೊಳೆದರೆ ಅದು ಹೋಗುವುದಿಲ್ಲ. ಅದು ಮೇಲೆ ಅಂಟಿದ ಕೊಳೆಯಲ್ಲ, ಒಳಕ್ಕೆ ಬಿದ್ದ ಗುಳಿ.

ಬ್ರನ್ಸ್‌ವಿಕ್ ಕೇಂದ್ರದಲ್ಲಿ ಡಾಕ್ಟರ್ ಗೋರ್ ಅವರ ಕಾರಿನ ಮೇಲ್ಛಾವಣಿ, ಬಾನೆಟ್, ಡಿಕ್ಕಿಯ ಮುಚ್ಚಳ ಮತ್ತು ಪಕ್ಕದ ತಗಡುಗಳಿಗೆ ಮತ್ತೆ ಬಣ್ಣ ಹೊಡೆದರು. ಖರ್ಚು 601 ಡಾಲರು 37 ಸೆಂಟು. ಆಮೇಲೆ ಕಾರು ಬರ್ಮಿಂಗ್‌ಹ್ಯಾಮಿಗೆ ಹೋಯಿತು. ಕೊಂಡವರಿಗೆ ಈ ವಿಷಯ ಹೇಳಲಿಲ್ಲ. ಮಾರಿದ ಅಂಗಡಿಯವರಿಗೂ ಹೇಳಲಿಲ್ಲ.

ಮರುಬಣ್ಣ ಹೊಡೆದರೆ ತಪ್ಪೇನು, ಕಾರು ಮಿಂಚುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕಂಪನಿಯ ವಾದವೂ ಅದೇ ಆಗಿತ್ತು: ಕಾರ್ಖಾನೆಯ ಬಣ್ಣಕ್ಕೆ ಮರುಬಣ್ಣ ಯಾವುದರಲ್ಲೂ ಕಡಿಮೆಯಲ್ಲ. ಎಂಜಿನ್ನಿಗೆ ಏನೂ ಆಗಿಲ್ಲ, ಬ್ರೇಕಿಗೆ ಏನೂ ಆಗಿಲ್ಲ, ಪ್ರಯಾಣಿಕರ ಸುರಕ್ಷತೆಗೂ ಕುಂದಿಲ್ಲ ಎಂಬುದು ನಿಜವೇ. ಆದರೂ ಎರಡು ಬಣ್ಣಗಳು ಒಂದೇ ಅಲ್ಲ. ಕಾರ್ಖಾನೆಯಲ್ಲಿ ಬಣ್ಣ ಬಳಿಯುವಾಗ ಕಾರೆಂದರೆ ಬರಿಯ ಲೋಹದ ಗೂಡು. ಸೀಟಿಲ್ಲ, ತಂತಿಯಿಲ್ಲ, ರಬ್ಬರಿಲ್ಲ. ಆದ್ದರಿಂದ ಅದನ್ನು ದೊಡ್ಡ ಒಲೆಗಳಲ್ಲಿ ಬೇಯಿಸಬಹುದು. ವಿದ್ಯುತ್ತಿನ ನೆರವಿನಿಂದ ಕೂರಿಸುವ ಮೊದಲ ಪದರವನ್ನು ಸುಮಾರು 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮೇಲಿನ ಪದರಗಳನ್ನು ಸುಮಾರು 130ರಿಂದ 140 ಡಿಗ್ರಿಯಲ್ಲಿ ಗಟ್ಟಿಗೊಳಿಸುತ್ತಾರೆ. ಪೂರ್ತಿ ಜೋಡಿಸಿದ ಕಾರನ್ನು ಹಾಗೆ ಬೇಯಿಸಿದರೆ ಒಳಗಿನ ಪ್ಲಾಸ್ಟಿಕ್ಕಿನ ಗತಿ ಏನಾದೀತು! ಅದಕ್ಕಾಗಿಯೇ ಮರುಬಣ್ಣ ಹೊಡೆಯುವವರು ಗಟ್ಟಿಕಾರಕ ಬೆರೆಸಿದ ಬೇರೆ ಜಾತಿಯ ಬಣ್ಣ ಬಳಸಿ, ಸುಮಾರು 60ರಿಂದ 80 ಡಿಗ್ರಿ ಶಾಖದಲ್ಲಿ ಒಣಗಿಸುತ್ತಾರೆ. ಕುಶಲಿಯ ಕೈಯಲ್ಲಿ ಅದು ಬಹಳ ಚೆನ್ನಾಗಿಯೇ ಬರುತ್ತದೆ. ಆದರೆ ಅದು ಬೇರೆ ವಿಧಾನ, ಬೇರೆ ಪದಾರ್ಥ. ಬೇರೆ ಎಂಬುದು ಪೇಟೆಗೆ ಗೊತ್ತು. ಮರುಬಣ್ಣ ಕಂಡ ಬಿಎಂಡಬ್ಲ್ಯು ಕಾರಿನ ಬೆಲೆ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ ಎಂದು ಆ ಕಂಪನಿಯ ಕಾರುಗಳನ್ನು ಹಿಂದೆ ಮಾರುತ್ತಿದ್ದ ವ್ಯಾಪಾರಿಯೊಬ್ಬರೇ ಸಾಕ್ಷಿ ಹೇಳಿದರು. ನಲವತ್ತು ಸಾವಿರಕ್ಕೆ ಹತ್ತರಷ್ಟೆಂದರೆ ನಾಲ್ಕು ಸಾವಿರ ಡಾಲರು. ರಿಪೇರಿಗೆ ಆದ ಖರ್ಚು ಆರುನೂರು ಚಿಲ್ಲರೆ, ಕೊಂಡವನಿಗೆ ಆದ ನಷ್ಟ ನಾಲ್ಕು ಸಾವಿರ! ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಇಡೀ ಮೊಕದ್ದಮೆ ಅಡಗಿದೆ.

ಮುಚ್ಚಿಟ್ಟದ್ದು ಯಾರೋ ಒಬ್ಬ ನೌಕರನ ಕೈತಪ್ಪೇನೂ ಆಗಿರಲಿಲ್ಲ. 1983ರಲ್ಲಿಯೇ ಕಂಪನಿಯ ಅಮೆರಿಕದ ವಿತರಣಾ ಸಂಸ್ಥೆ ಒಂದು ನಿಯಮ ಮಾಡಿಕೊಂಡಿತ್ತು. ತಯಾರಿಕೆಯಲ್ಲಾಗಲಿ ಸಾಗಣೆಯಲ್ಲಾಗಲಿ ಕಾರಿಗೆ ಪೆಟ್ಟಾದರೆ ರಿಪೇರಿ ಖರ್ಚನ್ನು ಲೆಕ್ಕ ಹಾಕುವುದು. ಅದು ಸೂಚಿತ ಮಾರಾಟ ಬೆಲೆಯ ನೂರಕ್ಕೆ ಮೂರನ್ನು ಮೀರಿದರೆ, ಆ ಕಾರನ್ನು ಸ್ವಲ್ಪ ಕಾಲ ಕಂಪನಿಯ ಕೆಲಸಕ್ಕೇ ಬಳಸಿ ಆಮೇಲೆ ಬಳಸಿದ ಕಾರೆಂದು ಮಾರುವುದು. ಮೂರನ್ನು ಮೀರದಿದ್ದರೆ ರಿಪೇರಿ ಮಾಡಿ ಹೊಸದೆಂದೇ ಮಾರುವುದು, ಅಂಗಡಿಯವರಿಗೂ ತಿಳಿಸಬೇಕಿಲ್ಲ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 601.37ನ್ನು 40,750.88ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 1.5 ಬರುತ್ತದೆ. ಕಂಪನಿಯ ಗೆರೆಯ ಅರ್ಧದಷ್ಟು ಮಾತ್ರ.

ಆ ಮೂರರ ಗೆರೆಯನ್ನು ಕಂಪನಿ ಗಾಳಿಯಿಂದ ಹಿಡಿದು ತಂದದ್ದಲ್ಲ. ಹೊಸ ಕಾರಿನ ರಿಪೇರಿಯನ್ನು ಯಾವಾಗ ಗಿರಾಕಿಗೆ ತಿಳಿಸಬೇಕು ಎಂಬ ಬಗ್ಗೆ ಅಮೆರಿಕದ ಸುಮಾರು 25 ರಾಜ್ಯಗಳು ಕಾನೂನು ಮಾಡಿದ್ದವು. ಅವುಗಳಲ್ಲಿ ಅತಿ ಬಿಗಿಯಾದದ್ದು ಮೂರರ ಮಿತಿ. ಅತಿ ಬಿಗಿಯಾದದ್ದನ್ನೇ ದೇಶಕ್ಕೆಲ್ಲ ಅನ್ವಯಿಸಿಕೊಂಡೆವು, ಇದಕ್ಕಿಂತ ಪ್ರಾಮಾಣಿಕತೆ ಬೇಕೇ ಎಂಬುದು ಕಂಪನಿಯ ಸಮಜಾಯಿಷಿ. ಆದರೆ ಮಾಡಿದ ಅಳತೆ ಯಾವುದರದ್ದು ಎಂದು ಗಮನಿಸಬೇಕು. ಕಂಪನಿ ಅಳೆದದ್ದು ತನಗಾದ ಖರ್ಚನ್ನು, ಗಿರಾಕಿಗಾದ ನಷ್ಟವನ್ನಲ್ಲ. ತಕ್ಕಡಿಯೂ ಅವರದೇ, ಬಟ್ಟೂ ಅವರದೇ, ತೂಗಿದ್ದನ್ನು ಹೇಳದಿರುವ ಹಕ್ಕೂ ಅವರದೇ ಆದರೆ ಕೊಳ್ಳುವವನಿಗೆ ಉಳಿಯುವುದೇನು? ಅಲಬಾಮಾ ರಾಜ್ಯದಲ್ಲಿ ಆಗ ಇಂಥ ಅಂಕಿಯ ಗೆರೆ ಇರಲಿಲ್ಲ. ಹೇಳಬೇಕಾದ ಮಹತ್ವದ ಸಂಗತಿಯನ್ನು ಮುಚ್ಚಿಟ್ಟರೆ ಅದು ವಂಚನೆ ಎಂಬ ಹಳೆಯ ನಿಯಮ ಮಾತ್ರ ಇತ್ತು.

ಇಲ್ಲಿ ಅಮೆರಿಕದ ಮಾರಾಟ ಕಾನೂನಿನ ಇನ್ನೊಂದು ಮುಖವನ್ನೂ ನೋಡುವುದು ಒಳ್ಳೆಯದು. ಅಲ್ಲಿನ ಬಹುತೇಕ ರಾಜ್ಯಗಳು ಒಪ್ಪಿಕೊಂಡಿರುವ ಏಕರೂಪ ವಾಣಿಜ್ಯ ಸಂಹಿತೆಯ ಪ್ರಕಾರ, ಸಾಮಾನನ್ನು ಸ್ವೀಕರಿಸುವ ಮುನ್ನ ಪರೀಕ್ಷಿಸಿ ನೋಡುವ ಹಕ್ಕು ಕೊಳ್ಳುವವನಿಗೆ ಸಾಮಾನ್ಯವಾಗಿ ಇದೆ. ಸಾಮಾನು ಒಪ್ಪಂದದಂತೆ ಇಲ್ಲದಿದ್ದರೆ ತಿರಸ್ಕರಿಸಬಹುದು. ಸರಿಪಡಿಸಿ ಕೊಡಲು ಮಾರುವವನಿಗೂ ಒಂದು ಅವಕಾಶವುಂಟು. ಒಮ್ಮೆ ಸ್ವೀಕರಿಸಿದ ಮೇಲೆ ದಾರಿ ಕಿರಿದಾಗುತ್ತದೆ. ಮೊದಲಿಗೆ ಕಂಡುಹಿಡಿಯಲು ಕಷ್ಟವಾಗಿದ್ದ ದೋಷವೊಂದು ವಸ್ತುವಿನ ಮೌಲ್ಯವನ್ನು ಗಣನೀಯವಾಗಿ ಕುಗ್ಗಿಸುತ್ತದೆ ಎಂದು ತೋರಿಸಿದರೆ ಮಾತ್ರ ಸ್ವೀಕಾರವನ್ನು ಹಿಂತೆಗೆದುಕೊಳ್ಳಬಹುದು.

ನ್ಯೂ ಜೆರ್ಸಿ ರಾಜ್ಯದ ನ್ಯಾಯಾಲಯವೊಂದು 1968ರಲ್ಲಿ ಕೊಟ್ಟ ತೀರ್ಪು ಈ ಹಕ್ಕಿಗೆ ಒಳ್ಳೆಯ ಉದಾಹರಣೆ. ಒಬ್ಬಾತ ಹೊಸ ಕಾರಿಗೆ ಚೆಕ್ಕು ಕೊಟ್ಟಿದ್ದ. 1967ರ ಫೆಬ್ರವರಿಯ ಒಂದು ಸಂಜೆ ಅವನ ಹೆಂಡತಿ ಅಂಗಡಿಯಿಂದ ಕಾರು ಹೊರಡಿಸಿಕೊಂಡು ಬಂದಳು. ಮುಕ್ಕಾಲು ಮೈಲಿಯೂ ಆಗಿರಲಿಲ್ಲ, ಕಾರು ನಿಂತುನಿಂತು ಹೋಗತೊಡಗಿತು. ಗಂಡ ಕೂಡಲೇ ಬ್ಯಾಂಕಿಗೆ ತಿಳಿಸಿ ಚೆಕ್ಕನ್ನು ತಡೆಹಿಡಿಸಿದ. ಅಂಗಡಿಯವರು ತಮ್ಮ ಷೋರೂಮಿನಲ್ಲಿದ್ದ ಇನ್ನೊಂದು ಕಾರಿನ ಗೇರುಪೆಟ್ಟಿಗೆ ಬಿಚ್ಚಿ ಇದಕ್ಕೆ ಹಾಕಿ, ಈಗ ಸರಿಯಾಯಿತು, ಹಣ ಕೊಡಿ ಎಂದರು. ನ್ಯಾಯಾಲಯ ಒಪ್ಪಲಿಲ್ಲ. ಹೊಸ ಕಾರು ಕೊಳ್ಳುವುದು ಮನೆಯವರಿಗೆ ದೊಡ್ಡ ಹೂಡಿಕೆ. ಅದರ ಮೇಲಿನ ನಂಬಿಕೆ ಒಮ್ಮೆ ಅಲುಗಿದರೆ ಬೇರೆ ಕಡೆಯ ಭಾಗ ತಂದು ತುರುಕಿದ ಮಾತ್ರಕ್ಕೆ ಅದು ಕೊಂಡ ಕಾರಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಅಡಿಕೆಗೆ ಹೋದ ಮಾನದ ಗಾದೆ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ.

ಆ ದಂಪತಿಗೆ ದೋಷ ದಾರಿಯಲ್ಲಿಯೇ ಕಂಡಿತು, ಹಕ್ಕು ಚಲಾಯಿಸಿದರು. ಡಾಕ್ಟರ್ ಗೋರ್ ಅವರಿಗೆ ಕಾಣಲಿಲ್ಲ, ಕಾಣದಂತೆ ಮಾಡಲಾಗಿತ್ತು. ಪರೀಕ್ಷಿಸುವ ಹಕ್ಕು, ತಿರಸ್ಕರಿಸುವ ಹಕ್ಕು ಎರಡೂ ಕಾಗದದ ಮೇಲೆ ಅವರಿಗೂ ಇದ್ದವು. ತಿಳಿಯದ ವಿಷಯದ ಮೇಲೆ ಯಾವ ಹಕ್ಕನ್ನು ಚಲಾಯಿಸುವುದು? ಅಮೆರಿಕದಲ್ಲಿ 1958ರ ಕಾನೂನಿನ ಪ್ರಕಾರ ಪ್ರತಿ ಹೊಸ ಕಾರಿನ ಗಾಜಿಗೂ ಒಂದು ಚೀಟಿ ಅಂಟಿಸಬೇಕು. ಮೂಲ ಬೆಲೆ ಎಷ್ಟು, ಹೆಚ್ಚುವರಿ ಸಲಕರಣೆಗಳಿಗೆ ಎಷ್ಟು, ಸಾಗಣೆ ವೆಚ್ಚ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಸಾಗಣೆಯಲ್ಲಿ ಏನಾಯಿತು ಎಂಬುದಕ್ಕೆ ಮಾತ್ರ ಅದರಲ್ಲಿ ಅಂಕಣವಿಲ್ಲ.

ಮೊಕದ್ದಮೆ 1992ರಲ್ಲಿ ಬರ್ಮಿಂಗ್‌ಹ್ಯಾಮಿನ ನ್ಯಾಯಾಲಯದಲ್ಲಿ ಜ್ಯೂರಿಯ ಮುಂದೆ ಬಂತು. ಜ್ಯೂರಿ ಎಂದರೆ ನಾಗರಿಕರಿಂದ ಆರಿಸಿದ ಪಂಚರ ಮಂಡಳಿ. ಎರಡು ಬಗೆಯ ಹಣದ ಪ್ರಶ್ನೆ ಅವರ ಮುಂದಿತ್ತು. ಒಂದು, ಆದ ನಷ್ಟಕ್ಕೆ ಪರಿಹಾರ. ಇದು ನಾಲ್ಕು ಸಾವಿರ ಡಾಲರು ಎಂದು ತೀರ್ಮಾನವಾಯಿತು. ಇನ್ನೊಂದು, ದಂಡರೂಪದ ಪರಿಹಾರ. ತಪ್ಪು ಮಾಡಿದವನು ಮತ್ತೆ ಮಾಡಬಾರದು, ಬೇರೆಯವರೂ ನೋಡಿ ಕಲಿಯಬೇಕು ಎಂದು ವಿಧಿಸುವ ಹಣ ಅದು. 1983ರಿಂದ ಹೀಗೆ ಮರುಬಣ್ಣ ಹೊಡೆದು ಹೊಸದೆಂದು ಮಾರಿದ ಕಾರುಗಳು ದೇಶದಾದ್ಯಂತ 983 ಎಂದು ಸಾಕ್ಷ್ಯದಿಂದ ಹೊರಬಿದ್ದಿತ್ತು. ಸುಮಾರು ಸಾವಿರ ಕಾರು, ಒಂದೊಂದಕ್ಕೆ ನಾಲ್ಕು ಸಾವಿರ ಡಾಲರಿನಂತೆ ನಲವತ್ತು ಲಕ್ಷ ಡಾಲರು ಎಂದು ಗೋರ್ ಅವರ ಪರವಾಗಿ ವಾದ ಮಂಡಿಸಲಾಯಿತು. ಜ್ಯೂರಿ ಅಷ್ಟನ್ನೂ ಮಂಜೂರು ಮಾಡಿಬಿಟ್ಟಿತು!

ಕಾರಿನ ಬೆಲೆ ನಲವತ್ತು ಸಾವಿರ, ದಂಡ ನಲವತ್ತು ಲಕ್ಷ. ಓದುವವರಿಗೆ ಒಂದು ಕ್ಷಣ ಖುಷಿಯಾಗುವುದು ಸಹಜ. ದೊಡ್ಡ ಕಂಪನಿಗೆ ತಕ್ಕ ಶಾಸ್ತಿ ಎನಿಸುತ್ತದೆ. ಆದರೆ ಆ ಗುಣಾಕಾರದಲ್ಲಿ ಒಂದು ಎಡವಟ್ಟಿದೆ. 983 ಕಾರುಗಳಲ್ಲಿ ಅಲಬಾಮಾದಲ್ಲಿ ಮಾರಾಟವಾದವು 14 ಮಾತ್ರ. ಉಳಿದವು ಬೇರೆ ರಾಜ್ಯಗಳಲ್ಲಿ ಮಾರಾಟವಾದವು. ಅವುಗಳಲ್ಲಿ ಹಲವು ರಾಜ್ಯಗಳ ಕಾನೂನಿನಂತೆ ಅಲ್ಲಿ ಹೇಳದಿರುವುದು ತಪ್ಪೇ ಅಲ್ಲ. ಒಂದು ರಾಜ್ಯದಲ್ಲಿ ತಪ್ಪಲ್ಲದ ಕೆಲಸಕ್ಕೆ ಇನ್ನೊಂದು ರಾಜ್ಯದ ಪಂಚರು ದಂಡ ಹಾಕುವುದು ಹೇಗೆ? ಮೇಲ್ಮನವಿಯಲ್ಲಿ ಅಲಬಾಮಾದ ಸರ್ವೋಚ್ಚ ನ್ಯಾಯಾಲಯವೇ ಈ ತಪ್ಪನ್ನು ಒಪ್ಪಿ, ದಂಡವನ್ನು ಇಪ್ಪತ್ತು ಲಕ್ಷಕ್ಕೆ ಇಳಿಸಿತು. ಇಪ್ಪತ್ತು ಲಕ್ಷ ಯಾವ ಲೆಕ್ಕದಿಂದ ಬಂತು ಎಂಬುದು ಅಷ್ಟೇನೂ ಸ್ಪಷ್ಟವಾಗಲಿಲ್ಲ. ಕಂಪನಿ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

1996ರ ಮೇ 20ರಂದು ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಇಪ್ಪತ್ತು ಲಕ್ಷದ ದಂಡ ವಿಪರೀತವಾಯಿತು, ಆದ್ದರಿಂದ ಸಂವಿಧಾನಬಾಹಿರ ಎಂಬುದು ಅವರ ನಿರ್ಣಯ. ಎಂಥ ತಪ್ಪಿಗೆ ಎಷ್ಟು ಶಿಕ್ಷೆ ಎಂಬುದರ ಅಂದಾಜು ತಪ್ಪು ಮಾಡುವವನಿಗೂ ಮೊದಲೇ ಸಿಗಬೇಕು ಎಂದು ಹೇಳಿ, ದಂಡವನ್ನು ಅಳೆಯಲು ಮೂರು ಕೈಮರಗಳನ್ನು ಅವರು ನೆಟ್ಟರು. ಮೊದಲನೆಯದು, ತಪ್ಪು ಎಷ್ಟು ಹೀನವಾದದ್ದು ಎಂಬುದು. ಇಲ್ಲಿ ಯಾರ ಪ್ರಾಣಕ್ಕೂ ಆರೋಗ್ಯಕ್ಕೂ ಕುತ್ತು ಬಂದಿರಲಿಲ್ಲ, ನಷ್ಟ ಹಣದ್ದು ಮಾತ್ರ. ಎರಡನೆಯದು, ನಿಜವಾದ ನಷ್ಟಕ್ಕೂ ದಂಡಕ್ಕೂ ಇರುವ ಪ್ರಮಾಣ. ಇಪ್ಪತ್ತು ಲಕ್ಷವನ್ನು ನಾಲ್ಕು ಸಾವಿರದಿಂದ ಭಾಗಿಸಿದರೆ ಐನೂರು ಪಟ್ಟು! ಮೂರನೆಯದು, ಅಂಥ ತಪ್ಪಿಗೆ ಕಾನೂನಿನ ಪುಸ್ತಕದಲ್ಲಿ ಎಷ್ಟು ದಂಡವಿದೆ ಎಂಬ ಹೋಲಿಕೆ. ಅಲಬಾಮಾದಲ್ಲಿ ವ್ಯಾಪಾರದ ವಂಚನೆಗೆ ಇದ್ದ ಗರಿಷ್ಠ ದಂಡ ಎರಡು ಸಾವಿರ ಡಾಲರು. ಎರಡು ಸಾವಿರ ಎಲ್ಲಿ, ಇಪ್ಪತ್ತು ಲಕ್ಷ ಎಲ್ಲಿ. ಅದೇ ಅಲಬಾಮಾದಲ್ಲಿ ಇಂಥದೇ ಮರುಬಣ್ಣದ ಇನ್ನೊಂದು ಮೊಕದ್ದಮೆಯಲ್ಲಿ ಬೇರೆ ಜ್ಯೂರಿ 4,600 ಡಾಲರು ಪರಿಹಾರ ಕೊಟ್ಟು, ದಂಡವೆಂದು ಒಂದು ಡಾಲರನ್ನೂ ಕೊಟ್ಟಿರಲಿಲ್ಲ. ಒಂದೇ ಬಗೆಯ ತಪ್ಪು, ಒಂದೇ ಕಂಪನಿ. ಒಬ್ಬರ ಪಾಲಿಗೆ ಸೊನ್ನೆ, ಇನ್ನೊಬ್ಬರಿಗೆ ನಲವತ್ತು ಲಕ್ಷ. ಇದು ಅಳತೆಗೋಲಿಲ್ಲದ ಅಳತೆ.

ಭಿನ್ನಮತದ ನಾಲ್ವರ ಮಾತಿನಲ್ಲಿಯೂ ತೂಕವಿತ್ತು. ದಂಡ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನೋಡುವುದು ರಾಜ್ಯಗಳ ಕೆಲಸ. ಇದರಲ್ಲಿ ಕೈಹಾಕಲು ಸಂವಿಧಾನದಲ್ಲಿ ಆಧಾರವೇ ಇಲ್ಲ ಎಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಬರೆದರು. ಕೇಂದ್ರದ ನ್ಯಾಯಾಲಯ ತನ್ನದಲ್ಲದ ಹೊಲಕ್ಕೆ ಕಾಲಿಡುತ್ತಿದೆ ಎಂಬುದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಆಕ್ಷೇಪವೂ ಆಗಿತ್ತು. ಬೇರೆ ಬೇರೆ ವಿಚಾರದ ಈ ಇಬ್ಬರೂ ಒಂದೇ ಕಡೆ ನಿಂತದ್ದು ವಿಶೇಷ. ಮುಂದೆ 2003ರಲ್ಲಿ ಒಂದು ವಿಮೆ ಕಂಪನಿಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟು, ದಂಡವು ಪರಿಹಾರದ ಒಂಬತ್ತು ಪಟ್ಟನ್ನು ಮೀರಿದರೆ ಸಾಮಾನ್ಯವಾಗಿ ಊರ್ಜಿತವಾಗಲಾರದು ಎಂಬ ಅರ್ಥದ ಮಾತು ಹೇಳಿತು.

ಗೋರ್ ಅವರ ಮೊಕದ್ದಮೆ ಮತ್ತೆ ಅಲಬಾಮಾಕ್ಕೆ ಮರಳಿತು. 1997ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ದಂಡವನ್ನು ಐವತ್ತು ಸಾವಿರ ಡಾಲರಿಗೆ ಇಳಿಸಿತು. ಒಂದು ಕಾಕತಾಳೀಯವನ್ನು ವಿದ್ಯಾರ್ಥಿಗಳು ಗಮನಿಸಬಹುದು. ಅಲಬಾಮಾದಲ್ಲಿ ಮಾರಾಟವಾದ 14 ಕಾರುಗಳನ್ನು ನಾಲ್ಕು ಸಾವಿರದಿಂದ ಗುಣಿಸಿದರೆ 56,000. ನ್ಯಾಯಾಲಯ ಹಿಡಿದದ್ದು ಈ ದಾರಿಯನ್ನಲ್ಲ. ರಾಜ್ಯದ ಇತರ ಪ್ರಕರಣಗಳನ್ನು ಹೋಲಿಸಿ ಅದು ಅಂಕಿಯನ್ನು ಗೊತ್ತುಮಾಡಿತು. ಆದರೂ ಏಳು ವರ್ಷ ಸುತ್ತಿ ಬಂದ ಅಂಕಿ, ಮೊದಲೇ ಸರಿಯಾಗಿ ಗುಣಿಸಿದ್ದರೆ ಸಿಗುತ್ತಿದ್ದ ಅಂಕಿಯ ಪಕ್ಕದಲ್ಲಿಯೇ ಬಂದು ನಿಂತಿತು.

ಕೊಳ್ಳುವವರಿಗೆ ಸಿಕ್ಕ ನಿಜವಾದ ಲಾಭ ಈ ಹಣದಲ್ಲಿ ಇರಲಿಲ್ಲ. ಜ್ಯೂರಿಯ ತೀರ್ಪು ಬಂದ ಬೆನ್ನಿಗೇ ಕಂಪನಿ ತನ್ನ ಹಳೆಯ ನಿಯಮವನ್ನು ಬಿಟ್ಟು, ರಿಪೇರಿ ಎಷ್ಟೇ ಚಿಕ್ಕದಿರಲಿ ತಿಳಿಸಿಯೇ ಮಾರುವ ಪದ್ಧತಿಯನ್ನು ದೇಶದಾದ್ಯಂತ ತಂದಿತು. ದಂಡ ಕೊನೆಗೆ ಉಳಿಯಲಿಲ್ಲ, ಪದ್ಧತಿ ಬದಲಾಯಿತು. ಇದಕ್ಕೆ ವಿರುದ್ಧವಾದ ಒಂದು ವ್ಯಂಗ್ಯವೂ ಉಂಟು. 1993ರಲ್ಲಿ ಅಲಬಾಮಾದ ಶಾಸನಸಭೆ ತಾನೂ ಒಂದು ಗೆರೆ ಎಳೆಯಿತು. ಸೂಚಿತ ಬೆಲೆಯ ನೂರಕ್ಕೆ ಮೂರು ಅಥವಾ 500 ಡಾಲರು, ಎರಡರಲ್ಲಿ ಹೆಚ್ಚಿನದನ್ನು ಮೀರಿದ ರಿಪೇರಿಯನ್ನು ಮಾತ್ರ ತಿಳಿಸಬೇಕು. ಡಾಕ್ಟರ್ ಗೋರ್ ಅವರ ಕಾರಿಗೆ ಹೋಲಿಸಿದರೆ ಆ ಮಿತಿ 1,200 ಡಾಲರಿನ ಆಚೆಗೆ ಬೀಳುತ್ತದೆ. ಆ ಕಾನೂನು ಮೊದಲೇ ಇದ್ದಿದ್ದರೆ 601 ಡಾಲರಿನ ಅವರ ಮರುಬಣ್ಣವನ್ನು ಯಾರೂ ಹೇಳಬೇಕಾಗಿರಲಿಲ್ಲ. ಗಿರಾಕಿಯ ಕಣ್ಣಿಂದ ನೋಡಿದರೆ ಈ ಗೆರೆ ವ್ಯಾಪಾರಿಗಳಿಗೆ ಹೆಚ್ಚು ಅನುಕೂಲ.

ಭಾರತದಲ್ಲಿ ಇದಕ್ಕೆ ತಿರುವುಮುರುವಾದ ಒಂದು ಪ್ರಕರಣ ನಡೆದಿದೆ. ಗೋವಾದ ಒಬ್ಬರಿಗೆ 2011ರಲ್ಲಿ ಹೊಸದೆಂದು ಮಾರಿದ ಕಾರು 2009ರಲ್ಲಿ ತಯಾರಾದದ್ದು. ಅದಾಗಲೇ 622 ಕಿಲೋಮೀಟರು ಓಡಿತ್ತು, ಅಡಿಭಾಗಕ್ಕೆ ತುಕ್ಕು ಹತ್ತಿತ್ತು. ಗ್ರಾಹಕ ನ್ಯಾಯಾಲಯಗಳು ಮಾರಾಟಗಾರ, ತಯಾರಕ ಇಬ್ಬರನ್ನೂ ಹೊಣೆ ಮಾಡಿದವು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕ ಕಂಪನಿಯನ್ನು ಬಿಟ್ಟಿತು. ಕಂಪನಿ ಕಾರನ್ನು ಅಂಗಡಿಯವನಿಗೆ ಮಾರಿಬಿಟ್ಟಿದೆ. ಆಮೇಲೆ ಅವನು ಮಾಡಿದ್ದು ಕಂಪನಿಗೆ ತಿಳಿದಿತ್ತು ಎಂಬುದಕ್ಕೆ ಪುರಾವೆಯಿಲ್ಲ ಎಂಬುದು ಕಾರಣ. ಅಲಬಾಮಾದಲ್ಲಿ ವಿತರಕರಿಗೆ ಗೊತ್ತು, ಅಂಗಡಿಗೆ ಗೊತ್ತಿಲ್ಲ. ಗೋವಾದಲ್ಲಿ ಅಂಗಡಿಗೆ ಗೊತ್ತು, ಕಂಪನಿಗೆ ಗೊತ್ತಿತ್ತೆಂದು ಸಾಬೀತಾಗಲಿಲ್ಲ. ಎರಡೂ ಕಡೆ ಗೊತ್ತಿಲ್ಲದವನು ಹಣ ಕೊಟ್ಟವನು. ಕಾರು ಕೊಳ್ಳುವವರು ಅಂಗಡಿ ಮತ್ತು ಕಂಪನಿ ಎರಡರ ಹೊಣೆಯನ್ನೂ ಬೇರೆಬೇರೆಯಾಗಿ ಯೋಚಿಸಬೇಕಾದದ್ದು ಇದಕ್ಕೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇಲ್ಲಿ ಕೊಳ್ಳುವವರ ನೆರವಿಗಿದೆ. ವಸ್ತುವಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆಗಳ ವಿಷಯ ತಿಳಿಯುವುದನ್ನು ಅದು ಗ್ರಾಹಕನ ಹಕ್ಕೆಂದು ಹೆಸರಿಸಿಯೇ ಹೇಳುತ್ತದೆ. ದಂಡರೂಪದ ಪರಿಹಾರ ವಿಧಿಸುವ ಅಧಿಕಾರವನ್ನೂ ಗ್ರಾಹಕ ಆಯೋಗಕ್ಕೆ ಕೊಟ್ಟಿದೆ. ಕೊಟ್ಟ ಹಣ ಐವತ್ತು ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಾಹನಕ್ಕೆ ಸಾಮಾನ್ಯವಾಗಿ ಈ ರಕ್ಷಣೆ ಇಲ್ಲ.

ಇನ್ನು ಪಾಲಿಶ್ ಅಂಗಡಿಯವನಿಗಿದ್ದ ಕಣ್ಣು ಎಲ್ಲರಿಗೂ ಇರುವುದಿಲ್ಲ. ಆದರೆ ಅದಕ್ಕೊಂದು ಉಪಕರಣವಿದೆ. ಕಾರ್ಖಾನೆಯಲ್ಲಿ ಬಳಿದ ಎಲ್ಲ ಪದರಗಳೂ ಸೇರಿ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್ ಆಸುಪಾಸು, ಅಂದರೆ ಎರಡು ತಲೆಗೂದಲಿನಷ್ಟು. ಬಣ್ಣದ ದಪ್ಪ ಅಳೆಯುವ ಪುಟ್ಟ ಮಾಪಕವನ್ನು ಕಾರಿನ ಮೈಗೆ ಒತ್ತಿದರೆ, ಉಕ್ಕಿನ ತಗಡಾದರೆ ಕಾಂತತ್ವದಿಂದ, ಅಲ್ಯುಮಿನಿಯಮ್ ಆದರೆ ಸುಳಿವಿದ್ಯುತ್ತಿನಿಂದ ಅದು ತಗಡಿಗೂ ತನಗೂ ನಡುವಿನ ದೂರವನ್ನು ಹೇಳುತ್ತದೆ. ಎಲ್ಲ ಕಡೆ 120 ತೋರಿಸುತ್ತಿದ್ದ ಮಾಪಕ ಬಾನೆಟ್ಟಿನ ಮೇಲೆ 250 ತೋರಿಸಿದರೆ, ಅಲ್ಲಿ ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಕುಳಿತಿರುವ ಸಂಭವ ಹೆಚ್ಚು. ಉಪಕರಣ ಸಿಗದಿದ್ದರೆ ಹಗಲು ಬೆಳಕಿನಲ್ಲಿ ಓರೆಯಾಗಿ ನೋಡಬೇಕು. ಬಾಗಿಲಿನ ರಬ್ಬರಿನ ಅಂಚಿನಲ್ಲಿ, ಡಿಕ್ಕಿಯ ಕೀಲುಗಳ ಬಳಿ ಬಣ್ಣದ ಧೂಳು ಹತ್ತಿದೆಯೇ, ಒಂದು ತಗಡಿಗೂ ಪಕ್ಕದ ತಗಡಿಗೂ ಛಾಯೆ ಬೇರೆಯಾಗಿದೆಯೇ ಎಂದು ಪರೀಕ್ಷಿಸಬೇಕು. ಇದನ್ನೆಲ್ಲ ಮಾಡಬೇಕಾದದ್ದು ವಾಹನದ ನೋಂದಣಿಗೆ ಮೊದಲು, ವಿತರಣೆಯ ಕಾಗದಕ್ಕೆ ಸಹಿ ಹಾಕುವುದಕ್ಕೂ ಮೊದಲು. ಸಾಗಣೆಯಲ್ಲಾಗಲಿ ಗೋದಾಮಿನಲ್ಲಾಗಲಿ ಈ ವಾಹನಕ್ಕೆ ರಿಪೇರಿ, ಮರುಬಣ್ಣ ಆಗಿಲ್ಲ ಎಂದು ಅಂಗಡಿಯವರಿಂದ ಲಿಖಿತವಾಗಿ ಕೇಳಬಹುದು. ಏನಾದರೂ ಕಂಡರೆ ಫೋಟೋ ತೆಗೆದು, ಅದೇ ಕಾಗದದ ಮೇಲೆ ಬರೆಸಿ, ಒಂದು ಪ್ರತಿಯನ್ನು ಮನೆಗೆ ತರಬೇಕು.